350ರ ತಳಕ್ಕೆ 500ರ ಬ್ಯಾರಲ್: ಒಂದು ಬುಲೆಟ್ ಎಂಜಿನ್ ಕಟ್ಟಿದ ಅನುಭವ

ಎಂಜಿನ್ ಓಡುತ್ತಿದೆ. ರನ್ನಿಂಗ್-ಇನ್ (ಹೊಸ ಭಾಗಗಳು ಒಂದಕ್ಕೊಂದು ಒಗ್ಗುವ ಮೊದಲ ಓಟ) ಮುಗಿದಿದೆ, ಆಯಿಲ್ ಬದಲಿಸಿ ಹೆಡ್‌ನ (ಸಿಲಿಂಡರ್‌ನ ಮುಚ್ಚಳದ) ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿದ್ದಾಗಿದೆ. ನೆನಪು ಮಾಸುವ ಮೊದಲೇ ಎಲ್ಲವನ್ನೂ ಬರೆದಿಡಬೇಕೆಂದು ಕುಳಿತಿದ್ದೇನೆ. ಎರಕದ ಕಬ್ಬಿಣದ ಬ್ಯಾರಲ್ (ಪಿಸ್ಟನ್ ಓಡಾಡುವ ಸಿಲಿಂಡರ್) ಇರುವ ಹಳೆಯ ರಾಯಲ್ ಎನ್‌ಫೀಲ್ಡ್ ಬುಲೆಟ್ 350 ಬೈಕಿನ ಎಂಜಿನ್‌ನ ತಳಭಾಗಕ್ಕೆ ಬುಲೆಟ್ 500ರ ಬ್ಯಾರಲ್, ಪಿಸ್ಟನ್, ಹೆಡ್ ಕೂಡಿಸುವುದು ಕೇಳುವುದಕ್ಕೆ ಸುಲಭದ ಕೆಲಸ. ಬಿಚ್ಚಿ ಹಾಕಿದರೆ ಆಯಿತು ಎನ್ನುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಆ ಮಾತನ್ನು ನಂಬಿ ಹೊರಟು, ನಡುದಾರಿಯಲ್ಲಿ ಕೈಬಿಟ್ಟ ಎಂಜಿನ್‌ಗಳು ಗೋಣಿಚೀಲದಲ್ಲಿ ತುಕ್ಕು ಹಿಡಿಯುತ್ತಿರುವುದನ್ನು ನಾನು ಕಂಡಿದ್ದೇನೆ. ಮುಂದೆ ಈ ಕೆಲಸಕ್ಕೆ ಕೈ ಹಾಕುವವರಿಗೆ ಆ ಗತಿ ಬರಬಾರದು.

ಮೊದಲು ಲೆಕ್ಕ. 350ರ ಬೋರ್ (ಸಿಲಿಂಡರ್‌ನ ಒಳವ್ಯಾಸ) 70 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 90 ಮಿಲಿಮೀಟರ್. ಅಲ್ಲಿಗೆ 346 ಸಿಸಿ. 500ರ ಬೋರ್ 84, ಸ್ಟ್ರೋಕ್ ಅದೇ 90, 499 ಸಿಸಿ. ಬ್ರಿಟನ್ನಿನ ರೆಡಿಚ್‌ನಲ್ಲಿ 1949ರಲ್ಲಿ ಈ ವಿನ್ಯಾಸದ 350 ಹುಟ್ಟಿತು, 1953ರಲ್ಲಿ ಅದರ ಅಣ್ಣನಂತೆ 500 ಬಂತು. ಸ್ಟ್ರೋಕ್ ಬದಲಿಸದೆ ಬೋರ್ ಮಾತ್ರ ಹಿಗ್ಗಿಸಿದ್ದರಿಂದಲೇ ಇಂದು ನಮ್ಮಂಥವರಿಗೆ ಈ ದಾರಿ ತೆರೆದಿದೆ. 84ರ ವರ್ಗವನ್ನು 70ರ ವರ್ಗದಿಂದ ಭಾಗಿಸಿದರೆ ಸರಿಯಾಗಿ 1.44. ಕ್ರ್ಯಾಂಕ್‌ನ (ಪಿಸ್ಟನ್‌ನ ಓಟವನ್ನು ಸುತ್ತಾಗಿಸುವ ಭಾಗದ) ಸ್ಟ್ರೋಕ್ ಅಳತೆಯನ್ನು ಮುಟ್ಟದೆಯೇ ನೂರಕ್ಕೆ 44ರಷ್ಟು ಹೆಚ್ಚು ಸಿಸಿ. ಯಮಹಾ ಆರ್‌ಎಕ್ಸ್ 100 ಮತ್ತು ಆರ್‌ಎಕ್ಸ್ 135 ನಡುವೆಯೂ ಇದೇ ಸಂಬಂಧವಿದೆ: ಎರಡರ ಸ್ಟ್ರೋಕೂ 50, ಬೋರ್ ಒಂದರದು 50, ಇನ್ನೊಂದರದು 58. ನಿಮ್ಮದು ಯಾವ ಗಾಡಿಯೇ ಆಗಿರಲಿ, ಮೊದಲು ಹುಡುಕಬೇಕಾದದ್ದು ಇಂಥ ಜೋಡಿಯನ್ನು. ಸ್ಟ್ರೋಕ್ ಬೇರೆಯಾದರೆ ಕ್ರ್ಯಾಂಕ್ ಬದಲಾಗಬೇಕು, ಬ್ಯಾರಲ್‌ನ ಎತ್ತರ ಹೊಂದಬೇಕು. ಅದು ಬೇರೆಯೇ ಮಟ್ಟದ ಕೆಲಸ.

ಸ್ಟ್ರೋಕ್ ಕೂಡಿದರೆ ಕೆಲಸ ಸಾಧ್ಯ ಎಂದಷ್ಟೇ ಅರ್ಥ. ಉಳಿದದ್ದೆಲ್ಲವನ್ನೂ ಅಳೆದೇ ತಿಳಿಯಬೇಕು.

ಭಾಗಗಳನ್ನು ಹುಡುಕುವ ಮೊದಲೇ ಕಾಗದಪತ್ರದ ವಿಷಯ ಇತ್ಯರ್ಥವಾಗಬೇಕು. ಇದನ್ನು ಬಹಳ ಮಂದಿ ಕೊನೆಗೆ ಇಟ್ಟುಕೊಳ್ಳುತ್ತಾರೆ, ಆಮೇಲೆ ಒದ್ದಾಡುತ್ತಾರೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. 346 ಸಿಸಿ ಎಂದು ನೋಂದಣಿಯಾದ ಗಾಡಿಯಲ್ಲಿ 499 ಸಿಸಿ ಎಂಜಿನ್ ಇಟ್ಟುಕೊಂಡು ರಸ್ತೆಗೆ ಇಳಿದು ಅಪಘಾತವಾದರೆ ವಿಮೆಯವರ ಮುಂದೆ ಏನು ಹೇಳುವುದು? ಹಾಗಾಗಿ ನನ್ನ ರಸ್ತೆಯ ಬುಲೆಟ್ ತನ್ನ ಹುಟ್ಟು ಎಂಜಿನ್‌ನಲ್ಲೇ ಇದೆ. ಈ ಎಂಜಿನ್ ಕಟ್ಟಿದ್ದು ಮಣ್ಣಿನ ಟ್ರ್ಯಾಕ್‌ಗೆ ಮೀಸಲಾದ, ಸಾಗಣೆ ವಾಹನದಲ್ಲಿ ಹೇರಿಕೊಂಡು ಹೋಗುವ ಗಾಡಿಗೆ. ರಸ್ತೆಗೆ ದೊಡ್ಡ ಎಂಜಿನ್ ಬೇಕೆನ್ನುವವರು 500 ಎಂದೇ ನೋಂದಣಿಯಾದ ಗಾಡಿಯನ್ನು ಕೊಳ್ಳುವುದು ಒಳ್ಳೆಯದು. ಇದನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಗುಜರಿಯಿಂದ ಬರುವ ಎಂಜಿನ್‌ನ ಹುಟ್ಟನ್ನೂ ವಿಚಾರಿಸಲೇಬೇಕು. ಎಂಜಿನ್ ನಂಬರ್ ಕ್ರ್ಯಾಂಕ್ ಕೂರುವ ಕ್ರ್ಯಾಂಕ್‌ಕೇಸ್ ಮೇಲೆ ಒತ್ತಿರುತ್ತದೆ. ಆ ಜಾಗ ಉಜ್ಜಿದಂತೆ ನುಣುಪಾಗಿದ್ದರೆ, ಅಕ್ಷರಗಳು ಒಂದೇ ಆಳದಲ್ಲಿ ಇಲ್ಲದಿದ್ದರೆ ಅದರ ಹತ್ತಿರವೂ ಹೋಗಬೇಡಿ. ಒಬ್ಬರು ತುಂಬ ಕಡಿಮೆ ಬೆಲೆಗೆ ಕೊಡಲು ಮುಂದೆ ಬಂದಿದ್ದರು. ಮಾರಾಟದ ಪತ್ರ ಬರೆದುಕೊಡಿ ಎಂದ ಕೂಡಲೇ ಮಾತು ನಿಲ್ಲಿಸಿದರು. ಕೊನೆಗೆ ನನಗೆ ಸಿಕ್ಕಿದ 350ರ ತಳಭಾಗಕ್ಕೆ ಹಳೆಯ ನೋಂದಣಿ ಪತ್ರದ ಪ್ರತಿ, ಮಾಲೀಕರ ಸಹಿಯಿದ್ದ ಮಾರಾಟ ಪತ್ರ, ಗುರುತಿನ ಚೀಟಿಯ ಪ್ರತಿ ಮೂರೂ ಇದ್ದವು. ಅವು ಈಗ ಒಂದು ಕಡತದಲ್ಲಿವೆ. ಬಿಡಿಭಾಗಗಳ ಬಿಲ್ಲುಗಳೂ ಅದರಲ್ಲೇ ಇವೆ.

500ರ ಮೇಲ್ಭಾಗ ಸಿಗಲು ಬಹಳ ಕಾಯಬೇಕಾಯಿತು. 350ರ ಭಾಗಗಳು ಎಲ್ಲೆಂದರಲ್ಲಿ ಸಿಗುತ್ತವೆ, ಹಳೆಯ 500ರದು ಅಪರೂಪ. ಕಾಯುವ ದಿನಗಳಲ್ಲಿ ಆಸೆ ಹೆಚ್ಚಾಗುತ್ತದೆ, ಕೈಗೆ ಸಿಕ್ಕಿದ್ದನ್ನು ಕೊಂಡುಬಿಡೋಣ ಎನಿಸುತ್ತದೆ. ಅಳತೆಯ ವರ್ನಿಯರ್ ಒಯ್ಯದೆ ಯಾವ ಗುಜರಿಗೂ ಹೋಗಬಾರದು ಎಂದು ನಿಶ್ಚಯಿಸಿಕೊಂಡಿದ್ದೆ, ಅದು ಕಾಪಾಡಿತು. 500 ಎಂದು ತೋರಿಸಿದ ಒಂದು ಬ್ಯಾರಲ್‌ನ ಬಾಯಿಗೆ ವರ್ನಿಯರ್ ಇಟ್ಟರೆ 71ರ ಆಸುಪಾಸು ತೋರಿಸಿತು. ಅದು ಹಲವು ಸಲ ಬೋರ್ ಮಾಡಿಸಿದ 350ರ ಬ್ಯಾರಲ್. ಕೊನೆಗೆ ಸಿಕ್ಕಿದ್ದು ಕ್ರ್ಯಾಂಕ್ ಮುರಿದು ಮೂಲೆ ಸೇರಿದ್ದ ಒಂದು 500. ಅದರ ತಳಭಾಗ ಕೆಲಸಕ್ಕೆ ಬರುವಂತಿರಲಿಲ್ಲ. ಬ್ಯಾರಲ್, ಹೆಡ್, ವಾಲ್ವ್ ತೆರೆಯುವ ರಾಕರ್‌ಗಳು ಮತ್ತು ಪುಶ್‌ರಾಡ್‌ಗಳು, ಕ್ಲಚ್, 28 ಮಿಲಿಮೀಟರ್ ಕಾರ್ಬ್ಯುರೇಟರ್ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡೆ. ಸಾಧ್ಯವಾದರೆ ನೀವೂ ಒಂದೇ ಎಂಜಿನ್‌ನಿಂದ ಎಲ್ಲವನ್ನೂ ತೆಗೆದುಕೊಳ್ಳಿ. ಒಂದೊಂದನ್ನು ಒಂದೊಂದು ಕಡೆ ಹುಡುಕಿದರೆ ಪುಶ್‌ರಾಡ್‌ನ ಉದ್ದದಂಥ ಸಣ್ಣ ಸಂಗತಿಗಳೇ ವಾರಗಟ್ಟಲೆ ಕಾಡುತ್ತವೆ.

ತಳಭಾಗವನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಮೇಜಿನ ಮೇಲೆ ಇಟ್ಟುಕೊಂಡೆ. 500ರ ಬ್ಯಾರಲ್‌ನ ಕೆಳಗೆ ಬರುವ ಹೊಸ ಗ್ಯಾಸ್ಕೆಟ್ ಒಂದನ್ನು ತಂದು 350ರ ಕ್ರ್ಯಾಂಕ್‌ಕೇಸ್ ಮೇಲೆ ಹಾಸಿದೆ. ಸ್ಟಡ್‌ಗಳು ತಮ್ಮ ತಮ್ಮ ತೂತಿಗೆ ಇಳಿದವು. ಆದರೆ ಗ್ಯಾಸ್ಕೆಟ್‌ನ ಒಳಸುತ್ತಿನ ಒಳಗಡೆ ಅಲ್ಯುಮಿನಿಯಂನ ಒಂದು ಅಂಚು ಸುತ್ತಲೂ ಚಂದ್ರನ ಕಲೆಯಂತೆ ಇಣುಕುತ್ತಿತ್ತು. 500ರ ಬ್ಯಾರಲ್‌ನ ಕೆಳತುದಿ ಕ್ರ್ಯಾಂಕ್‌ಕೇಸ್ ಒಳಗೆ ಆಳವಾಗಿ ಇಳಿಯುತ್ತದೆ, ಮತ್ತು ಅದು 350ರದಕ್ಕಿಂತ ದಪ್ಪ. ಇಣುಕುತ್ತಿದ್ದ ಆ ಅಂಚಷ್ಟೂ ಹೋಗಬೇಕು. ಕೆಲವು ಸಾಲು ಎಂಜಿನ್‌ಗಳಲ್ಲಿ ಇದು ಹೀಗೆಯೇ ಇರಬೇಕೆಂದಿಲ್ಲ. ಗ್ಯಾಸ್ಕೆಟ್ ಹಾಸಿ ನೋಡುವುದಕ್ಕೆ ಖರ್ಚು ಹೆಚ್ಚಿಲ್ಲ, ತಿಳಿಯುವುದು ಬಹಳ.

ಇಲ್ಲಿಂದ ಯಂತ್ರಗೆಲಸದವರ ಮನೆಬಾಗಿಲು ಸುತ್ತುವುದು ಶುರುವಾಯಿತು. ಬ್ಯಾರಲ್ ಬೋರ್ ಮಾಡುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಕ್ರ್ಯಾಂಕ್‌ಕೇಸ್‌ನ ಬಾಯಿ ಬೋರ್ ಮಾಡಿ ಎಂದರೆ ಬಹುತೇಕ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಅವರ ಹಿಂಜರಿಕೆಗೆ ಕಾರಣವಿದೆ. ಎರಡೂ ಅರ್ಧಗಳನ್ನು ಬೋಲ್ಟ್ ಹಾಕಿ ಒಂದು ಮಾಡಿ ಯಂತ್ರದ ಮೇಲೆ ಕೂರಿಸಬೇಕು; ಕೊರೆಯುವ ಅಕ್ಷ ಮೂಲ ಬಾಯಿಯ ನಡುಬಿಂದುವಿನಲ್ಲೇ ಇರಬೇಕು; ಕ್ರ್ಯಾಂಕ್‌ನ ಅಕ್ಷಕ್ಕೆ ಕೋನ ಒಂದಿಷ್ಟೂ ತಪ್ಪಬಾರದು. ಕೂದಲೆಳೆಯಷ್ಟು ಓರೆಯಾದರೂ ಬ್ಯಾರಲ್ ಓರೆಯಾಗಿ ನಿಲ್ಲುತ್ತದೆ, ಪಿಸ್ಟನ್ ಒಂದೇ ಪಕ್ಕ ಸವೆಯುತ್ತದೆ. ಕೆಲಸ ಕೆಟ್ಟರೆ ನಂಬರ್ ಇರುವ ಕೇಸ್ ಹಾಳು.

ಕೊನೆಗೆ ಒಪ್ಪಿದವರು ವಯಸ್ಸಾದ ಒಬ್ಬ ಟರ್ನರ್. ನನ್ನ ಚೀಲದಿಂದ ಕೇಸ್ ತೆಗೆದು ಮೇಜಿನ ಮೇಲೆ ಇಟ್ಟೊಡನೆ ಅವರು ಕೇಳಿದ್ದು ಒಂದೇ ಪ್ರಶ್ನೆ:

"ಬ್ಯಾರಲ್ ಎಲ್ಲಿ?"

"ಅಳತೆ ಬರೆದು ತಂದಿದ್ದೇನೆ, ಯಜಮಾನರೇ" ಎಂದೆ.

"ಚೀಟಿ ಇಟ್ಟುಕೊಂಡು ಕೊರೆಯಲು ಆಗುವುದಿಲ್ಲಪ್ಪ. ಯಾವುದು ಕೂರಬೇಕೋ ಅದೇ ನನ್ನ ಕೈಯಲ್ಲಿರಬೇಕು. ಬ್ಯಾರಲ್ ತಂದುಕೊಡು, ಬೇರಿಂಗ್‌ಗಳನ್ನೂ ತಾ. ಅವಸರ ಮಾಡುವುದಾದರೆ ಬೇರೆಯವರ ಹತ್ತಿರ ಹೋಗು."

ಅವಸರ ಮಾಡಲಿಲ್ಲ. ಅವರ ಬಳಿ ಕೃಷಿ ಪಂಪುಗಳ ಕೆಲಸ ಸಾಲುಗಟ್ಟಿತ್ತು. ನನ್ನ ಕೇಸ್ ಮೂಲೆಯಲ್ಲಿ ಗೋಣಿ ಹೊದ್ದು ಕುಳಿತಿತ್ತು. ಫೋನ್ ಮಾಡಿದಾಗಲೆಲ್ಲ ಮುಂದಿನ ವಾರ ಎನ್ನುತ್ತಿದ್ದರು. ಆ ಕಾಯುವಿಕೆ ನನ್ನ ತಾಳ್ಮೆಯನ್ನು ಹಿಂಡಿತು ಎಂದು ಒಪ್ಪಲೇಬೇಕು. ಆದರೆ ಕೆಲಸದ ದಿನ ಅವರ ಪಕ್ಕದಲ್ಲಿ ನಿಂತು ನೋಡಿದ ಮೇಲೆ ಆ ಅಸಮಾಧಾನ ಉಳಿಯಲಿಲ್ಲ. ಡಯಲ್ ಗೇಜ್‌ನ ಮೊನೆಯನ್ನು ಹಳೆಯ ಬಾಯಿಯ ಗೋಡೆಗೆ ತಾಗಿಸಿ, ಸುತ್ತು ತಿರುಗಿಸಿ, ಮುಳ್ಳು ಅಲುಗಿದಷ್ಟು ತಾಮ್ರದ ಸುತ್ತಿಗೆಯಿಂದ ಕೇಸನ್ನು ಮೆಲ್ಲಗೆ ತಟ್ಟಿ, ಮತ್ತೆ ತಿರುಗಿಸಿ. ಮುಳ್ಳು ಒಂದೇ ಕಡೆ ನಿಲ್ಲುವವರೆಗೂ ಇದೇ ನಡೆಯಿತು. ಕೊರೆದದ್ದಕ್ಕಿಂತ ಕೂರಿಸಲು ಹಿಡಿದ ಹೊತ್ತೇ ಹೆಚ್ಚು. ಕೊನೆಯ ಸುತ್ತಿನ ನಂತರ ಬ್ಯಾರಲ್‌ನ ತುದಿಯನ್ನು ಬಾಯಿಗಿಟ್ಟು ಅಂಗೈಯಿಂದ ಒತ್ತಿದರು. ತೂಗಾಟವಿಲ್ಲದೆ ಅದು ತಾನಾಗಿ ಕೆಳಗಿಳಿಯಿತು.

ಇಷ್ಟಾದ ಮೇಲೆ ಕೇಸನ್ನು ಮನೆಗೆ ತಂದು ಆಯಿಲ್ ಹರಿಯುವ ಪ್ರತಿಯೊಂದು ದಾರಿಗೂ ಗಾಳಿ ಹೊಡೆದು, ತೊಳೆದು, ಮತ್ತೆ ಗಾಳಿ ಹೊಡೆಯಬೇಕು. ಅಲ್ಯುಮಿನಿಯಂನ ಒಂದು ಚೂರು ಒಳಗೆ ಉಳಿದರೂ ಬಿಗ್ ಎಂಡ್‌ಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಕೂಡುವ ದೊಡ್ಡ ತುದಿಗೆ) ಅಪಾಯ. ಹಳೆಯ ಬುಲೆಟ್‌ನ ಬಿಗ್ ಎಂಡ್‌ನಲ್ಲಿ ತೇಲುವ ಬುಶ್ ಇರುತ್ತದೆ, ಅದು ಕೊಳಕನ್ನು ಸಹಿಸುವುದಿಲ್ಲ.

ಮುಂದಿನ ತೊಡಕು ಎದುರು ನೋಡದೇ ಇದ್ದದ್ದು. 500ರ ಬ್ಯಾರಲ್ ಅನ್ನು ಒಳಗೆ ಅಳೆದಾಗ ಹಿಂದಿನವರು ಅದನ್ನು ಕೊನೆಯ ಓವರ್‌ಸೈಜ್‌ವರೆಗೂ ಬೋರ್ ಮಾಡಿಸಿ ಮುಗಿಸಿದ್ದರೆಂದು ತಿಳಿಯಿತು, ಮೇಲಾಗಿ ರಿಂಗ್ ನಿಲ್ಲುವ ಎತ್ತರದಲ್ಲಿ ಒಂದು ಉದ್ದ ಗೀರು ಬೇರೆ. ಹೊಸ ಲೈನರ್ (ಒಳಗೋಡೆಯ ಕೊಳವೆ) ಹಾಕಿಸಿ 84ಕ್ಕೆ ಹಿಂದಿರುಗಿಸುವುದೊಂದೇ ದಾರಿ. ಬ್ಯಾರಲ್ ಅನ್ನು ಬಿಸಿ ಮಾಡಿ, ಲೈನರ್ ಅನ್ನು ತಣ್ಣಗಾಗಿಸಿ ಇಳಿಸುತ್ತಾರೆ. ಎರಡೂ ಒಂದೇ ಉಷ್ಣತೆಗೆ ಬಂದಾಗ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಇದು ಖರ್ಚಿನ ಪಟ್ಟಿಯಲ್ಲಿ ಇರಲೇ ಇಲ್ಲ. ಇಲ್ಲೊಂದು ಮಾತು: ಪಿಸ್ಟನ್ ಮೊದಲು ಕೊಳ್ಳಿ, ಆಮೇಲೆ ಬೋರ್ ಮಾಡಿಸಿ. ಪಿಸ್ಟನ್‌ಗಳೆಲ್ಲ ಒಂದೇ ಅಳತೆಯವಲ್ಲ. ಪಿನ್‌ಗೆ ಲಂಬವಾಗಿ, ಸ್ಕರ್ಟ್‌ನ (ಪಿಸ್ಟನ್‌ನ ಕೆಳಗೋಡೆಯ) ಮೇಲೆ ಮೈಕ್ರೋಮೀಟರ್ ಇಟ್ಟು ಬಂದ ಅಳತೆಗೆ ಪಿಸ್ಟನ್ ತಯಾರಕರು ಹೇಳಿದ ಸಂದನ್ನು ಕೂಡಿಸಿ, ಆ ಅಂಕಿಗೆ ಹೋನಿಂಗ್ (ಒಳಗೋಡೆಯ ಕೊನೆಯ ಉಜ್ಜುವಿಕೆ) ಮುಗಿಸಲು ಹೇಳಬೇಕು. ಗಾಳಿಯಿಂದ ತಣಿಯುವ ಎರಕದ ಕಬ್ಬಿಣದ ಬ್ಯಾರಲ್‌ಗೆ ಸಂದು ಕಡಿಮೆಯಾದರೆ ಮೊದಲ ಬಿಸಿಗೇ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಈಗ ಇಡೀ ಕೆಲಸದ ತಿರುಳಿಗೆ ಬರುತ್ತೇನೆ: ಸಮತೋಲನ. ಅರ್ಧಕ್ಕೆ ನಿಂತ ಎಂಜಿನ್‌ಗಳು, ಓಡಿದರೂ ಯಾರೂ ಓಡಿಸಲು ಬಯಸದ ಎಂಜಿನ್‌ಗಳು ಹೆಚ್ಚಾಗಿ ಇಲ್ಲೇ ಸೋತಿರುತ್ತವೆ. 84ರ ಪಿಸ್ಟನ್ 70ರ ಪಿಸ್ಟನ್‌ಗಿಂತ ಭಾರ. ಎರಡನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಇಟ್ಟರೆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಒಂದೇ ಸಿಲಿಂಡರ್ ಇರುವಲ್ಲಿ, ಮೇಲೆ ಕೆಳಗೆ ಓಡಾಡುವ ತೂಕವನ್ನು ಫ್ಲೈವ್ಹೀಲ್‌ನ (ಕ್ರ್ಯಾಂಕ್‌ನ ಭಾರದ ಚಕ್ರದ) ಎದುರು ತೂಕದಿಂದ ಪೂರ್ತಿ ಸರಿದೂಗಿಸಲು ಬರುವುದಿಲ್ಲ; ಹಾಗೆ ಮಾಡಿದರೆ ಮೇಲೆ-ಕೆಳಗಿನ ಅದುರು ಅಳಿದು ಅಷ್ಟೇ ಬಲದ ಹಿಂದೆ-ಮುಂದಿನ ಅದುರು ಹುಟ್ಟುತ್ತದೆ. ಅದಕ್ಕಾಗಿ ತೂಕದ ಒಂದು ಪಾಲನ್ನು ಮಾತ್ರ ಸರಿದೂಗಿಸುತ್ತಾರೆ, ಸಾಮಾನ್ಯವಾಗಿ ಅರ್ಧಕ್ಕಿಂತ ತುಸು ಹೆಚ್ಚು. 350ರ ಫ್ಲೈವ್ಹೀಲ್‌ಗಳನ್ನು 350ರ ಪಿಸ್ಟನ್‌ಗೆ ಲೆಕ್ಕ ಹಾಕಿ ಮಾಡಿದ್ದಾರೆ. ಅದರ ಮೇಲೆ ಭಾರದ ಪಿಸ್ಟನ್ ಕೂರಿಸಿದರೆ ಆ ಪಾಲು ಕುಗ್ಗುತ್ತದೆ, ಅದುರು ಹ್ಯಾಂಡಲ್‌ಗೆ, ಪಾದದಡಿಗೆ, ಫ್ರೇಮಿನ ಬೆಸುಗೆಗಳಿಗೆ ಹರಿಯುತ್ತದೆ.

ಮಾಡಿದ ವಿಧಾನ ಹೀಗಿತ್ತು. ಪಿಸ್ಟನ್, ರಿಂಗ್‌ಗಳು, ಪಿಸ್ಟನ್ ಅನ್ನು ರಾಡ್‌ಗೆ ಕೂಡಿಸುವ ಗಡ್ಜನ್ ಪಿನ್, ಅದರ ಲಾಕ್‌ಗಳು ಎಲ್ಲವನ್ನೂ ಒಟ್ಟಿಗೆ ತೂಗಿ ಬರೆದುಕೊಂಡೆ. ಕನೆಕ್ಟಿಂಗ್ ರಾಡ್‌ನ ಚಿಕ್ಕ ತುದಿಯ ತೂಕವೂ ಬೇಕು. ರಾಡ್ ಅನ್ನು ಮಟ್ಟಸವಾಗಿ ಹಿಡಿದು, ದೊಡ್ಡ ತುದಿಗೆ ಆಸರೆ ಕೊಟ್ಟು, ಚಿಕ್ಕ ತುದಿಯನ್ನು ಮಾತ್ರ ತಕ್ಕಡಿಗೆ ತಾಗಿಸಿದರೆ ಅದು ಸಿಗುತ್ತದೆ. ಎರಡನ್ನೂ ಕೂಡಿ, ಆರಿಸಿಕೊಂಡ ಪಾಲಿನಿಂದ ಗುಣಿಸಿ, ಅದರಿಂದ ಚಿಕ್ಕ ತುದಿಯ ತೂಕ ಕಳೆಯಬೇಕು. ಲೆಕ್ಕ ಹಿಡಿಯಲು ಒಂದು ಉದಾಹರಣೆ: ಒಟ್ಟು 700 ಗ್ರಾಂ, ಅದರಲ್ಲಿ ಚಿಕ್ಕ ತುದಿ 200 ಗ್ರಾಂ, ಪಾಲು ನೂರಕ್ಕೆ 60 ಎಂದಿಟ್ಟುಕೊಳ್ಳಿ. 420ರಲ್ಲಿ 200 ಕಳೆದರೆ 220. ಜೋಡಿಸಿದ ಕ್ರ್ಯಾಂಕ್ ಅನ್ನು ಮಟ್ಟ ನೋಡಿ ಇಟ್ಟ ಎರಡು ಉಕ್ಕಿನ ಅಲಗುಗಳ ಮೇಲೆ ಇಟ್ಟು, ಚಿಕ್ಕ ತುದಿಗೆ ಆ 220 ಗ್ರಾಂ ತೂಗುಹಾಕಿದಾಗ ಕ್ರ್ಯಾಂಕ್ ಯಾವ ಸ್ಥಾನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕು.

ನನ್ನದು ನಿಲ್ಲಲಿಲ್ಲ. ಬಿಟ್ಟ ಕೂಡಲೇ ಕ್ರ್ಯಾಂಕ್‌ಪಿನ್ ಇರುವ ಕಡೆ ಕೆಳಗೆ ಉರುಳಿತು. ಅಂದರೆ ಆ ಬದಿಯಿಂದ ಕಬ್ಬಿಣ ಹೋಗಬೇಕು. ಎರಡೂ ಫ್ಲೈವ್ಹೀಲ್‌ಗಳಲ್ಲಿ, ಕ್ರ್ಯಾಂಕ್‌ಪಿನ್‌ನ ಎರಡೂ ಪಕ್ಕಕ್ಕೆ, ಒಂದೇ ಅಳತೆಯ ತೂತುಗಳನ್ನು ಸ್ವಲ್ಪ ಸ್ವಲ್ಪವೇ ಕೊರೆಸಿದೆವು. ಕೊರೆದು ತಂದು ಅಲಗಿನ ಮೇಲೆ ಇಡುವುದು, ನೋಡುವುದು, ಮತ್ತೆ ಕೊರೆಯುವುದು. ಕೊರೆದದ್ದನ್ನು ಮತ್ತೆ ಅಂಟಿಸಲು ಆಗುವುದಿಲ್ಲವಾದ್ದರಿಂದ ಟರ್ನರ್ ಪ್ರತಿ ಸಲವೂ ಬೇಕೆನಿಸಿದ್ದಕ್ಕಿಂತ ಕಡಿಮೆಯೇ ಕೊರೆದರು. ಒಂದು ಹೊತ್ತಿನಲ್ಲಿ ಕ್ರ್ಯಾಂಕ್ ಉರುಳುವುದು ನಿಧಾನವಾಯಿತು, ಆಮೇಲೆ ಸ್ವಲ್ಪ ಆಲೋಚಿಸಿ ಉರುಳುವಂತಾಯಿತು, ಕೊನೆಗೆ ನಾನು ಬಿಟ್ಟ ಕೋನದಲ್ಲೇ ಅಲುಗದೆ ನಿಂತಿತು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಗಳಿಗೆ ಅದು; ಎಂಜಿನ್ ಮೊದಲ ಸಲ ಹತ್ತಿಕೊಂಡಾಗಲೂ ಅಷ್ಟು ಸಂತೋಷವಾಗಲಿಲ್ಲ. ಅದೇ ವೇಳೆ ಚಿಕ್ಕ ತುದಿಗೆ ಹೊಸ ಬುಶ್ ಹಾಕಿಸಿ 500ರ ಪಿನ್‌ಗೆ ತಕ್ಕಂತೆ ರೀಮರ್ ಆಡಿಸಿದೆವು, ಫ್ಲೈವ್ಹೀಲ್‌ಗಳ ಓಟವನ್ನು ಡಯಲ್ ಗೇಜ್‌ನಲ್ಲಿ 0.05 ಮಿಲಿಮೀಟರ್ ಒಳಗೆ ತಂದೆವು.

ಯಾರಾದರೂ ಸಮತೋಲನ ಬೇಕಿಲ್ಲ, ಬುಲೆಟ್ ಎಂದರೆ ಅದುರಲೇಬೇಕು ಎಂದರೆ ದಯವಿಟ್ಟು ಕೇಳಬೇಡಿ.

ಜೋಡಣೆಯ ದಿನಗಳು ಶಾಂತವಾಗಿದ್ದವು. ಮೊದಲು ಗ್ಯಾಸ್ಕೆಟ್‌ಗಳನ್ನಷ್ಟೇ ಇಟ್ಟು, ರಿಂಗ್ ಹಾಕದೆ ಒಮ್ಮೆ ಪೂರ್ತಿ ಕೂಡಿಸಿ ನೋಡಿದೆ. ಪಿಸ್ಟನ್ ಕೆಳತುದಿಗೆ ಬಂದಾಗ ಅದರ ಸ್ಕರ್ಟ್ ಫ್ಲೈವ್ಹೀಲ್‌ಗೆ ತಾಗುತ್ತದೆಯೇ, ಬ್ಯಾರಲ್‌ನ ಇಳಿದ ತುದಿಗೂ ರಾಡ್‌ಗೂ ನಡುವೆ ಜಾಗವಿದೆಯೇ ಎಂಬುದನ್ನು ಕೈಯಿಂದ ತಿರುಗಿಸುತ್ತ, ಟಾರ್ಚ್ ಹಿಡಿದು ನೋಡಬೇಕು. ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರಕ್ಕೆ ಮಕ್ಕಳು ಆಡುವ ಬಣ್ಣದ ಜೇಡಿಯೇ ಸಾಕು: ಪಿಸ್ಟನ್ ತಲೆಯ ಮೇಲೆ ತೆಳುವಾಗಿ ಹಚ್ಚಿ, ಹೆಡ್ ಕೂರಿಸಿ, ಎರಡು ಪೂರ್ಣ ಸುತ್ತು ತಿರುಗಿಸಿ ಬಿಚ್ಚಿದರೆ ವಾಲ್ವ್‌ಗಳ ಅಚ್ಚು ಮೂಡಿರುತ್ತದೆ. ಅಚ್ಚಿನ ತಳದ ದಪ್ಪವೇ ಅಂತರ.

ಕಂಪ್ರೆಷನ್ ಅನುಪಾತವನ್ನು ಊಹೆಗೆ ಬಿಡಲಿಲ್ಲ. ಪಿಸ್ಟನ್ ಅನ್ನು ಮೇಲ್ತುದಿಗೆ ತಂದು, ಅಂಚಿಗೆ ಗ್ರೀಸ್ ಹಚ್ಚಿ, ಸ್ಪಾರ್ಕ್ ಪ್ಲಗ್‌ನ ತೂತಿನಿಂದ ಅಳತೆಯ ನಳಿಕೆಯಲ್ಲಿ ತೆಳು ಎಣ್ಣೆ ಸುರಿದು ಎಷ್ಟು ಹಿಡಿಯಿತು ಎಂದು ಬರೆದುಕೊಂಡೆ. 499 ಸಿಸಿಗೆ ಸುಮಾರು 91 ಸಿಸಿ ಜಾಗ ಉಳಿದರೆ ಅನುಪಾತ (ಎರಡನ್ನೂ ಕೂಡಿ 91ರಿಂದ ಭಾಗಿಸಿದರೆ) 6.5 ಆಗುತ್ತದೆ. ಹಳೆಯ ತಳಭಾಗಕ್ಕೆ ಅದಕ್ಕಿಂತ ಬಹಳ ಮೇಲೆ ಹೋಗುವ ಆಸೆ ನನಗಿರಲಿಲ್ಲ. ಸಿಸಿ ಹೆಚ್ಚಾದದ್ದರಿಂದಲೇ ಬಿಗ್ ಎಂಡ್‌ನ ಹೊರೆ ಬೆಳೆದಿದೆ; ಅದರ ಮೇಲೆ ಕಂಪ್ರೆಷನ್ ಕೂಡ ಏರಿಸುವುದು ಒಳ್ಳೆಯದಲ್ಲ ಎಂದು ನನ್ನ ಅಭಿಪ್ರಾಯ.

ರಿಂಗ್‌ಗಳನ್ನು ಒಂದೊಂದಾಗಿ ಬ್ಯಾರಲ್‌ಗೆ ಇಳಿಸಿ, ಪಿಸ್ಟನ್‌ನಿಂದಲೇ ತಳ್ಳಿ ಮಟ್ಟ ಮಾಡಿ, ರಿಂಗ್‌ನ ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಿ ನೋಡಿದೆ. ಬೋರ್‌ನ ಸಾವಿರದಲ್ಲಿ ನಾಲ್ಕು ಪಾಲು ಎಂಬ ಹಳೆಯ ಲೆಕ್ಕ ಹಿಡಿದರೆ 84ಕ್ಕೆ 0.34 ಮಿಲಿಮೀಟರ್‌ನಷ್ಟು. ಟ್ಯಾಪೆಟ್ (ವಾಲ್ವ್ ಸಂದು) ಹೊಂದಿಸುವಾಗ ಬುಲೆಟ್‌ಗೆ ಗೇಜ್ ಬೇಡ. ತಣ್ಣಗಿನ ಎಂಜಿನ್‌ನಲ್ಲಿ, ಕಂಪ್ರೆಷನ್‌ನ ಮೇಲ್ತುದಿಯಲ್ಲಿ, ಪುಶ್‌ರಾಡ್ ಬೆರಳಿಗೆ ಹಗುರಾಗಿ ತಿರುಗಬೇಕು, ಮೇಲೆ ಕೆಳಗೆ ಆಟ ಮಾತ್ರ ಇರಬಾರದು. ಕಿಡಿ ಹಾರಿಸುವ ಪಾಯಿಂಟ್‌ಗಳು ತೆರೆಯುವ ಕ್ಷಣವನ್ನು, ಕಿಡಿಯನ್ನು ಮುಂಚಿತಗೊಳಿಸುವ ಅಡ್ವಾನ್ಸ್ ಪೂರ್ತಿ ಹಿಂದಿರುವಾಗ, ಪಿಸ್ಟನ್ ಮೇಲ್ತುದಿಗೆ 0.8 ಮಿಲಿಮೀಟರ್ ಮೊದಲು ಎಂದು ಇಟ್ಟುಕೊಂಡೆ.

ಮೊದಲ ಸಲ ಚಾಲೂ ಮಾಡುವ ಮೊದಲು ಪ್ಲಗ್ ತೆಗೆದು, ರಾಕರ್‌ಗೆ ಆಯಿಲ್ ಒಯ್ಯುವ ಪೈಪಿನ ಮೇಲ್ಬೋಲ್ಟ್ ಸಡಿಲಿಸಿ, ಅಲ್ಲಿ ಆಯಿಲ್ ಜಿನುಗುವವರೆಗೂ ಕಿಕ್ಕರ್ ತುಳಿದೆ. ಆಮೇಲೆ ಬೋಲ್ಟ್ ಬಿಗಿದು, ಪ್ಲಗ್ ಹಾಕಿ, ಆಮ್ಮೀಟರ್ ಮುಳ್ಳು ನಡುವಿಗೆ ಬರುವ ತನಕ ಕಿಕ್ಕರ್ ಅನ್ನು ನಿಧಾನ ಒತ್ತಿ, ಒತ್ತಡ ಬಿಡುವ ಡಿಕಂಪ್ರೆಸರ್ ಎಳೆದು ಒಂದಿಷ್ಟು ಮುಂದಕ್ಕೆ ತಂದು ಬಿಟ್ಟು ತುಳಿದರೆ ಕಾಲಿಗೆ ಬಂದ ಪ್ರತಿರೋಧವೇ ಬೇರೆ. 350ಕ್ಕೆ ಒಗ್ಗಿದ ಕಾಲು ಇದಕ್ಕೆ ಹೊಸದಾಗಿ ಒಗ್ಗಬೇಕು. ಹಿಮ್ಮಡಿಯಿಂದ ತುಳಿಯದೆ, ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಪಾದದ ನಡುಭಾಗದಿಂದ ಒತ್ತಿ. ಹಿಂದಕ್ಕೆ ಒದ್ದರೆ ಕಣಕಾಲಿಗೆ ಪೆಟ್ಟಾಗುತ್ತದೆ.

ಹತ್ತಿಕೊಂಡಿತು. ಮೂಲ ಎಂಜಿನ್‌ಗಿಂತ ತಗ್ಗಿದ, ಬಿಡಿಬಿಡಿಯಾದ ಸದ್ದು. ಆದರೆ ಸ್ವಲ್ಪ ಹೊತ್ತಿನಲ್ಲೇ ಕ್ರ್ಯಾಂಕ್‌ಕೇಸ್‌ನ ಸೇರುಗೆರೆಯಲ್ಲಿ ಆಯಿಲ್ ಕಾಣಿಸಿತು. ಸೇರುಗೆರೆಯನ್ನು ದೂರುವ ಮೊದಲು ಬ್ರೀದರ್ (ಕೇಸಿನ ಗಾಳಿ ಹೊರಬಿಡುವ ಕೊಳವೆ) ನೋಡಬೇಕೆಂದು ಟರ್ನರ್ ಹೇಳಿದ್ದರು. ಪಿಸ್ಟನ್ ಕೆಳಗೆ ಇಳಿಯುವಾಗ ಈಗ ನೂರಕ್ಕೆ 44ರಷ್ಟು ಹೆಚ್ಚು ಗಾಳಿಯನ್ನು ಹೊರಗೆ ತಳ್ಳಬೇಕು. ಬ್ರೀದರ್‌ನ ತುದಿಯ ಡಕ್‌ಬಿಲ್ ರಬ್ಬರ್ ಹಳತಾಗಿ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿತ್ತು. ಒತ್ತಡ ಸಿಕ್ಕ ಸಂದಿಯಲ್ಲೆಲ್ಲ ಹೊರಬಂದಿತ್ತು. ರಬ್ಬರ್ ಬದಲಿಸಿ, ಕೊಳವೆಯನ್ನು ಅಗಲದ್ದಕ್ಕೆ ಬದಲಿಸಿದ ಮೇಲೆ ಸೋರಿಕೆ ನಿಂತಿತು.

ಕಾರ್ಬ್ಯುರೇಟರ್‌ನ ವಿಷಯದಲ್ಲಿ 350ರ 24 ಮಿಲಿಮೀಟರ್‌ನದನ್ನೇ ಉಳಿಸಿಕೊಳ್ಳಲು ಕೆಲವರು ಹೇಳುತ್ತಾರೆ. ಓಡುತ್ತದೆ, ಆದರೆ ಮೇಲಿನ ವೇಗದಲ್ಲಿ ಉಸಿರು ಸಾಲುವುದಿಲ್ಲ. 28ರ ಬಾಯಿಯ ವಿಸ್ತೀರ್ಣ 24ರದಕ್ಕಿಂತ ಸುಮಾರು 1.36 ಪಟ್ಟು, ಹೆಚ್ಚಾದ ಸಿಸಿಗೆ ಹತ್ತಿರದ ಹೊಂದಿಕೆ. ಪೆಟ್ರೋಲ್ ಹರಿಯುವ ಮೇನ್ ಜೆಟ್ ದೊಡ್ಡದರಿಂದ ಶುರುಮಾಡಿ ಮೆಲ್ಲಗೆ ಇಳಿಸುತ್ತ ಬರಬೇಕು. ಪೆಟ್ರೋಲ್ ಹೆಚ್ಚಾದರೆ ಪ್ಲಗ್ ಕಪ್ಪಾಗುತ್ತದೆ, ಅಷ್ಟೇ. ಕಡಿಮೆಯಾದರೆ ಪಿಸ್ಟನ್ ಕರಗುತ್ತದೆ. ಪ್ಲಗ್‌ನ ಪಿಂಗಾಣಿ ತಿಳಿ ಕಂದು ಬಣ್ಣಕ್ಕೆ ಬಂದಲ್ಲಿ ನಿಲ್ಲಿಸಿದೆ.

350ರ ಕ್ಲಚ್ ಏರಿನಲ್ಲಿ ಜಾರಿತು, ಹೀಗಾಗಿ 500ರ ಕ್ಲಚ್ ಜೋಡಿಸಿದೆ. ಗೇರ್‌ಬಾಕ್ಸ್‌ನ 16 ಹಲ್ಲಿನ ಸ್ಪ್ರಾಕೆಟ್ ಜಾಗಕ್ಕೆ 17 ಹಲ್ಲಿನದು ಬಂತು. ಬ್ರೇಕ್ ಶೂಗಳು, ತಂತಿಗಳು, ಎಂಜಿನ್ ಹಿಡಿಯುವ ಬೋಲ್ಟ್‌ಗಳು ಎಲ್ಲವನ್ನೂ ಹೊಸದಾಗಿ ಹಾಕಿದೆ. ವೇಗ ಹೆಚ್ಚಿಸಿ ನಿಲ್ಲಿಸುವುದನ್ನು ಮರೆತ ಗಾಡಿಯ ಮೇಲೆ ನಾನು ಕೂರುವುದಿಲ್ಲ.

ಖರ್ಚಿನ ಕಡತ ತೆರೆದರೆ ಎಲ್ಲರೂ ಕೇಳುವ ಬ್ಯಾರಲ್ ಮತ್ತು ಹೆಡ್ ಒಟ್ಟು ಮೊತ್ತದ ಕಾಲು ಭಾಗವೂ ಇಲ್ಲ. ಕ್ರ್ಯಾಂಕ್‌ಕೇಸ್ ಬೋರಿಂಗ್, ಲೈನರ್, ಹೋನಿಂಗ್, ಸಮತೋಲನ ಸೇರಿದ ಯಂತ್ರಗೆಲಸವೇ ಅರ್ಧದ ಹತ್ತಿರ. ಉಳಿದದ್ದು ಬೇರಿಂಗ್, ಸೀಲ್, ಗ್ಯಾಸ್ಕೆಟ್, ವಾಲ್ವ್, ಸ್ಪ್ರಿಂಗ್ ಮುಂತಾದವುಗಳಿಗೆ. ಬ್ಯಾರಲ್, ಹೆಡ್‌ಗಳ ಬೆಲೆ ಕೇಳಿಕೊಂಡು ಬಂದವರು ಅದರ ನಾಲ್ಕು ಪಟ್ಟಿಗೂ ಹೆಚ್ಚು ಹಣ ಒಟ್ಟಾಗುವ ತನಕ ಏನನ್ನೂ ಬಿಚ್ಚದಿರುವುದು ವಾಸಿ.

ರನ್ನಿಂಗ್-ಇನ್ ಅವಧಿಯಲ್ಲಿ ಒಂದೇ ವೇಗದಲ್ಲಿ ಹಿಡಿಯದೆ, ಏರಿಸುತ್ತ ಇಳಿಸುತ್ತ, ನಡುನಡುವೆ ತಣಿಯಲು ಬಿಡುತ್ತ ಓಡಿಸಿದೆ. ಮೊದಲ ಆಯಿಲ್ ಬೇಗ ಇಳಿಸಿಬಿಡಬೇಕು. ನನ್ನದರಲ್ಲಿ ರಿಂಗ್ ಕೂರುವಾಗಿನ ಬೂದು ಹೊಳಪು ಇತ್ತು, ಚೂರುಗಳಿರಲಿಲ್ಲ. ಎರಡನೆಯ ಸಲ ಇಳಿಸಿದ್ದು ತಿಳಿಯಾಗಿತ್ತು. ಹೆಡ್ ನಟ್‌ಗಳು ಮೊದಲ ಬಿಸಿಗಳ ನಂತರ ಸ್ವಲ್ಪ ತಿರುಗಿದವು, ಈಗ ನಿಂತಿವೆ. ಮುಂದಿನ ಬಾರಿ ಟ್ರ್ಯಾಕ್‌ಗೆ ಹೋಗುವ ಮೊದಲು ಟ್ಯಾಪೆಟ್ ಮತ್ತೊಮ್ಮೆ ನೋಡಿ, ಇನ್ನೊಂದು ಅಳತೆ ಚಿಕ್ಕ ಮೇನ್ ಜೆಟ್ ಹಾಕಿ ಪ್ಲಗ್ ಪರೀಕ್ಷಿಸಬೇಕಿದೆ. ಹೆಡ್‌ನ ಎಕ್ಸಾಸ್ಟ್ ಬಾಯಿಯ ಎಳೆಗಳು ಸವೆದಿವೆ, ಅದನ್ನೂ ಅದೇ ಟರ್ನರ್ ಬಳಿ ಬಿಟ್ಟುಬರಬೇಕು. ಪಂಪುಗಳ ಸಾಲು ಮುಗಿಯುವ ತನಕ ಕಾಯಲು ಸಿದ್ಧನಿದ್ದೇನೆ.